ಬಾಳೆಹಣ್ಣು ಬೇಡ, ವಾರಕ್ಕೊಂದು ಗಂಟೆ ಸಾಕು

ಪ್ರತಿವರ್ಷ ಅಕ್ಟೋಬರ್ 1 ಬಂದರೆ ನಮ್ಮ ಕಾಲೇಜುಗಳಿಗೆ ಹಿರಿಯರ ನೆನಪಾಗುತ್ತದೆ. ಅಂದು ಅಂತರರಾಷ್ಟ್ರೀಯ ಹಿರಿಯ ನಾಗರಿಕರ ದಿನ. ಬಸ್ ಮಾಡಿಕೊಂಡು ಹತ್ತಿರದ ವೃದ್ಧಾಶ್ರಮಕ್ಕೆ ಹೋಗುವುದು, ಬ್ರೆಡ್ಡು, ಬಾಳೆಹಣ್ಣು ಹಂಚುವುದು, ಇಬ್ಬರು ಭಾವಗೀತೆ ಹಾಡುವುದು, ಬ್ಯಾನರ್ ಹಿಡಿದು ಗ್ರೂಪ್ ಫೋಟೊ ತೆಗೆಸಿಕೊಳ್ಳುವುದು. ಸಂಜೆಯೊಳಗೆ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ.

ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅಕ್ಟೋಬರ್ 2ರಂದು ಆ ಹಿರಿಯರ ಬದುಕಿನಲ್ಲಿ ಏನು ಬದಲಾಗಿರುತ್ತದೆ? ನಮ್ಮ ಬದುಕಿನಲ್ಲಿ? ಹಿರಿಯರನ್ನೂ ಯುವಜನರನ್ನೂ ಹತ್ತಿರ ತರುವುದು ಎಂದರೆ ಇಷ್ಟೇನಾ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಅಂಕಿ–ಅಂಶ ನೋಡಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ಭಾರತದ ವೃದ್ಧಾಪ್ಯ ಕುರಿತ ವರದಿಯ ಪ್ರಕಾರ, 2022ರಲ್ಲಿ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 14.9 ಕೋಟಿ. ಅಂದರೆ ಜನಸಂಖ್ಯೆಯ ಶೇ 10.5ರಷ್ಟು. 2050ರ ಹೊತ್ತಿಗೆ ಈ ಪ್ರಮಾಣ ಶೇ 20 ಮೀರಲಿದೆ. ಆಗ ಐವರಲ್ಲಿ ಒಬ್ಬರು ಹಿರಿಯ ನಾಗರಿಕರು. ಇಂದು ಕಾಲೇಜಿನಲ್ಲಿರುವ ನಾವು ಆಗ 50ರ ಹೊಸ್ತಿಲಲ್ಲಿ ಇರುತ್ತೇವೆ.

ಇನ್ನೊಂದು ಲೆಕ್ಕ ನೇರವಾಗಿ ನಮ್ಮದೇ. ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಹೇಳಿತು. 13ರಿಂದ 29 ವರ್ಷದವರಲ್ಲಿ ಶೇ 17ರಿಂದ 21ರಷ್ಟು ಮಂದಿ ತಾವು ಒಂಟಿ ಎಂದಿದ್ದಾರೆ. ಒಂಟಿತನ ಅಂದರೆ ಮಕ್ಕಳು ಅಮೆರಿಕಕ್ಕೆ ಹೋದ ಮನೆಯ ಅಜ್ಜ–ಅಜ್ಜಿಯ ಚಿತ್ರವನ್ನೇ ಕಣ್ಣಮುಂದೆ ತಂದುಕೊಳ್ಳುತ್ತಿದ್ದ ನಾವು, ಪಿ.ಜಿ. ಕೋಣೆಯಲ್ಲಿ ಮೂರನೇ ಬಾರಿ ನೇಮಕಾತಿ ಪರೀಕ್ಷೆಗೆ ಓದುತ್ತಾ ಮನೆಯವರ ಫೋನ್ ಎತ್ತಲು ಹಿಂಜರಿಯುವ ನಮ್ಮದೇ ಗೆಳೆಯನನ್ನು ಈ ಪಟ್ಟಿಗೆ ಸೇರಿಸಿರಲಿಲ್ಲ.

ಎರಡೂ ಕಡೆ ಕೊರತೆ ಇದೆ ಎಂದ ಮೇಲೆ ಕೊಡುವುದು, ಪಡೆಯುವುದು ಎರಡೂ ಕಡೆಯಿಂದ ಆಗಬೇಕು. ಯಶಸ್ವಿಯಾದ ಪ್ರಯೋಗಗಳನ್ನು ಗಮನಿಸಿದರೆ ಗುಟ್ಟು ಅಲ್ಲೇ ಇರುವುದು ಕಾಣುತ್ತದೆ.

ಮೂರು ಊರು, ಮೂರು ದಾರಿ

ನೆದರ್ಲೆಂಡ್ಸ್‌ನ ಡೆವೆಂಟರ್ ಎಂಬ ಊರಿನಲ್ಲಿ ಹ್ಯುಮಾನಿಟಾಸ್ ಎಂಬ ಹಿರಿಯರ ವಸತಿಗೃಹವಿದೆ. 2012ರ ಸುಮಾರಿಗೆ ಅಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡಲು ಆರಂಭಿಸಿದರು. ಷರತ್ತು ಒಂದೇ: ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಜೊತೆಗೆ ಕೂತು ಊಟ ಮಾಡುವುದು, ಕಂಪ್ಯೂಟರ್ ಹೇಳಿಕೊಡುವುದು, ಸುಮ್ಮನೆ ಹರಟುವುದು. ವಿದ್ಯಾರ್ಥಿಗೆ ಬಾಡಿಗೆ ಉಳಿಯಿತು, ಹಿರಿಯರ ಮನೆಗೆ ಹೊರಗಿನ ಗಾಳಿ ಬಂತು.

ಜಿಂಬಾಬ್ವೆಯ ಹರಾರೆಯದು ಇದರ ತಿರುವುಮುರುವು ಕಥೆ. ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರಾದ ಡಿಕ್ಸನ್ ಚಿಬಾಂಡಾ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಒಂದೊಂದು ಮರದ ಬೆಂಚು ಹಾಕಿಸಿ ಕೂರಿಸಿದರು. ಅದರ ಹೆಸರೇ ಗೆಳೆತನದ ಬೆಂಚು. ಖಿನ್ನತೆಯಿಂದ ಬಳಲುವವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡಬಹುದು. ಇದರ ಕುರಿತ ಅಧ್ಯಯನ 2016ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿಗೆ ಬಂದವರಲ್ಲಿ ಅದು ಸುಮಾರು ಶೇ 14 ಮಾತ್ರ. ಇಲ್ಲಿ ಹಿರಿಯರು ಕರುಣೆಗೆ ಕಾದು ಕೂತವರಲ್ಲ. ಊರಿನ ಆರೋಗ್ಯ ವ್ಯವಸ್ಥೆಯ ಒಂದು ಭಾಗ.

ಮೂರನೆಯದು ನಮ್ಮ ದೇಶದ್ದು. ಶಾಂತನು ನಾಯ್ಡು ಅವರು ರತನ್ ಟಾಟಾ ಅವರ ಬಂಡವಾಳದ ನೆರವಿನಿಂದ 2022ರಲ್ಲಿ ಮುಂಬೈಯಲ್ಲಿ ಗುಡ್‌ಫೆಲೋಸ್ ಎಂಬ ನವೋದ್ಯಮ ಶುರು ಮಾಡಿದರು. ಆಗಷ್ಟೇ ಪದವಿ ಮುಗಿಸಿದವರನ್ನು ಸಂಬಳ ಕೊಟ್ಟು ನೇಮಿಸಿಕೊಂಡು, ಒಂಟಿ ಹಿರಿಯರಿಗೆ ಒಡನಾಡಿಗಳಾಗಿ ಕಳುಹಿಸುವುದು ಇದರ ಕೆಲಸ. ಆದರೆ ಶುಲ್ಕ ಕೊಡಬಲ್ಲ ಕುಟುಂಬಗಳಿಗಷ್ಟೇ ಇದು ಎಟಕುತ್ತದೆ. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ ನಂಬಿಕೊಂಡ ಅಜ್ಜಿಗೆ ಇಂಥ ಒಡನಾಡಿ ಸಿಗುವುದು ಕನಸೇ ಸರಿ.

ಮೂರರಲ್ಲೂ ಸಾಮಾನ್ಯವಾದ ಅಂಶಗಳಿವೆ: ಭೇಟಿಗೆ ಗೊತ್ತಾದ ಸಮಯವಿದೆ, ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ, ಇಬ್ಬರಿಗೂ ಇನ್ನೊಬ್ಬರಿಂದ ಬೇಕಾದದ್ದೊಂದು ಇದೆ. ನಮ್ಮ ಅಕ್ಟೋಬರ್ 1ರ ಭೇಟಿಯಲ್ಲಿ ಈ ಮೂರೂ ಇಲ್ಲ.

ಗ್ರಂಥಾಲಯದ ಎರಡು ಮೇಜು

ಇಂಥದ್ದಕ್ಕೆ ಜಾಗ ಎಲ್ಲಿದೆ ಎಂದು ಕೇಳಬಹುದು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನಾನು ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಅಲ್ಲಿ ಒಂದು ಕಡೆ ಪತ್ರಿಕೆ ಓದುವ ನಿವೃತ್ತರ ಮೇಜು, ಇನ್ನೊಂದು ಕಡೆ ನೋಟ್ಸ್ ಹರಡಿಕೊಂಡ ನಮ್ಮ ಮೇಜು. ದಿನಕ್ಕೆ ಮೂರು–ನಾಲ್ಕು ಗಂಟೆ ಒಂದೇ ಸೂರಿನಡಿ ಇದ್ದರೂ, ‘ಆ ಪೇಪರ್ ಕೊಡ್ತೀರಾ?’ ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಮಾತು ಶುರುವಾದದ್ದು ಕಂದಾಯ ಇಲಾಖೆಯ ಪಠ್ಯದಿಂದ. ‘ಏನಮ್ಮಾ, ಪೋಡಿ ಅಂದ್ರೆ ಏನು ಅಂತ ಗೊತ್ತಾ, ಇಲ್ಲ ಬರೀ ಬಾಯಿಪಾಠನಾ?’ ಎಂದು ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಕೇಳಿದರು. ಪಹಣಿ, ಪೋಡಿ, ಖರಾಬು ಜಮೀನು ಇವುಗಳನ್ನು ಅವರು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದಾಗ ಯಾವ ಕೋಚಿಂಗ್ ಕ್ಲಾಸಿನಲ್ಲೂ ಸಿಗದ ಸ್ಪಷ್ಟತೆ ಸಿಕ್ಕಿತು. ನಾವು ಅವರಿಗೆ ಫೋನಿನಲ್ಲಿ ವಿದ್ಯುತ್ ಬಿಲ್ ಕಟ್ಟುವುದು, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು ಹೇಳಿಕೊಟ್ಟೆವು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಅವರು ಬೆವರುತ್ತಾ ಬಂದರು. ಅವರ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಪೊಲೀಸ್ ಸಮವಸ್ತ್ರ ತೊಟ್ಟವನೊಬ್ಬ ವಿಡಿಯೊ ಕಾಲ್‌ನಲ್ಲಿ ಬೆದರಿಸಿದ್ದ. ಯಾರಿಗಾದರೂ ಹೇಳಿದರೆ ಬಂಧನ ಎಂದಿದ್ದ. ನಿಶ್ಚಿತ ಠೇವಣಿ ಮುರಿಸಲು ಅವರು ಬ್ಯಾಂಕಿಗೆ ಹೊರಟಿದ್ದರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ, ಇದು ವಂಚನೆ ಎಂದು ನಾವು ಹೇಳಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು. ಹಣ ಉಳಿಯಿತು. ಬೆಂಗಳೂರಿನಲ್ಲಿರುವ ಮಗನಿಗೆ ಗಾಬರಿಯಾದೀತೆಂದು ಹೇಳದೆ ಉಳಿಸಿಕೊಂಡ ಮಾತನ್ನು ಅವರು ನಮಗೆ ಹೇಳಿದರು. ವರ್ಷಕ್ಕೊಮ್ಮೆ ಹಣ್ಣು ಕೊಟ್ಟು ಹೋಗುವವರ ಹತ್ತಿರ ಯಾರೂ ಇಂಥ ಮಾತು ಹೇಳಿಕೊಳ್ಳುವುದಿಲ್ಲ. ಸೈಬರ್ ಜಾಗೃತಿಯ ಎಷ್ಟು ಪೋಸ್ಟರ್ ಅಂಟಿಸಿದರೂ ಆ ಗಳಿಗೆಯಲ್ಲಿ ಕೈಹಿಡಿಯುವುದು ಪರಿಚಯವೇ.

ಸುಲಭವಂತೂ ಅಲ್ಲ

ತೊಡಕುಗಳಿವೆ. ‘ಇನ್ನೂ ಕೆಲಸ ಸಿಕ್ಕಿಲ್ವಾ?’ ಎಂಬ ಹಿರಿಯರ ಒಂದು ಪ್ರಶ್ನೆ ಸಾಕು, ನಾವು ಮರುದಿನ ಮೇಜು ಬದಲಿಸಲು. ‘ನೀವು ಯಾವ ಕಡೆಯವರು?’ ಎಂದು ಜಾತಿ ಕೆದಕುವವರೂ ಇದ್ದಾರೆ. ನಮ್ಮಲ್ಲೂ ಮಾತಿನ ನಡುವೆ ಫೋನ್ ನೋಡುವ ಚಟವಿದೆ, ಅವರ ಅನುಭವವೆಲ್ಲ ಹಳತು ಎಂಬ ಉಡಾಫೆ ಇದೆ. ಹಾಗಾಗಿ ಯಾವುದೇ ಕಾರ್ಯಕ್ರಮಕ್ಕೆ ಎರಡೂ ಕಡೆಯವರಿಗೆ ಒಂದಿಷ್ಟು ತಯಾರಿ ಬೇಕು.

ಸುರಕ್ಷತೆಯದು ಇನ್ನೂ ದೊಡ್ಡ ಪ್ರಶ್ನೆ. ಒಂಟಿ ಹಿರಿಯರ ಮನೆಗೆ ಅಪರಿಚಿತರನ್ನು ಕಳುಹಿಸುವುದು ಅಪಾಯ. ಹೆಣ್ಣುಮಕ್ಕಳನ್ನು ಕಳುಹಿಸಲು ಮನೆಯವರೂ ಒಪ್ಪುವುದಿಲ್ಲ. ಆದ್ದರಿಂದ ಭೇಟಿ ಗ್ರಂಥಾಲಯ, ಪಂಚಾಯಿತಿಯ ಅರಿವು ಕೇಂದ್ರದಂಥ ಸಾರ್ವಜನಿಕ ಜಾಗದಲ್ಲೇ ನಡೆಯಲಿ. ಒಟಿಪಿ, ಪಿನ್, ಪಾಸ್‌ಬುಕ್ ಯುವಕರು ಮುಟ್ಟಬಾರದು ಎಂಬ ನಿಯಮ ಮೊದಲ ದಿನವೇ ಇರಲಿ. ಮನೆಯಿಂದ ಹೊರಬರಲಾಗದವರ ಬಳಿಗೆ ಇಬ್ಬಿಬ್ಬರಾಗಿ, ಆಶಾ ಕಾರ್ಯಕರ್ತೆಯರಂಥ ಪರಿಚಿತರ ಜೊತೆಗೇ ಹೋಗಬೇಕು.

ಸೇವೆಯ ಹೆಸರಿನಲ್ಲಿ ನಿರುದ್ಯೋಗಿಗಳಿಂದ ಬಿಟ್ಟಿ ದುಡಿಮೆ ಮಾಡಿಸಿಕೊಳ್ಳುವ ಯೋಜನೆಯೂ ಇದಾಗಬಾರದು. ವಾರಕ್ಕೊಂದು ಗಂಟೆಯ ಒಡನಾಟ ಬೇರೆ, ದಿನವಿಡೀ ಆರೈಕೆ ಬೇರೆ. ಎರಡನೆಯದಕ್ಕೆ ತರಬೇತಿ, ಪ್ರಮಾಣಪತ್ರ, ಸಂಬಳ ಮೂರೂ ಬೇಕು. ಹಿರಿಯರ ಸಂಖ್ಯೆ ದುಪ್ಪಟ್ಟಾಗುವ ದೇಶದಲ್ಲಿ ಅದು ನಾಳೆಯ ದೊಡ್ಡ ಉದ್ಯೋಗ ಕ್ಷೇತ್ರ. ಯುವನಿಧಿ ಪಡೆಯುತ್ತಿರುವ ಪದವೀಧರರಲ್ಲಿ ಆಸಕ್ತರಿಗೆ ಸರ್ಕಾರ ಈ ತರಬೇತಿ ಕೊಡಿಸಬಹುದು.

ಮೊದಲನೆಯದಕ್ಕೆ ಮಾತ್ರ ಹೊಸ ಯೋಜನೆ, ಹೊಸ ಬಜೆಟ್ ಯಾವುದೂ ಬೇಡ. ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಪ್ರತಿ ಸ್ವಯಂಸೇವಕರೂ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಆ 120ರಲ್ಲಿ 40 ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ವಾರಕ್ಕೊಂದು ಗಂಟೆಯಂತೆ 40 ವಾರ ಆಯಿತು. ಒಬ್ಬ ವಿದ್ಯಾರ್ಥಿ, ಒಬ್ಬ ಹಿರಿಯರು, ಇಡೀ ಶೈಕ್ಷಣಿಕ ವರ್ಷ ಅದೇ ಜೋಡಿ. ಹಿರಿಯರು ತಮ್ಮ ಕಸುಬನ್ನೋ, ಇಂಗ್ಲಿಷನ್ನೋ, ಬದುಕಿನ ಪೆಟ್ಟುಗಳನ್ನೋ ಹೇಳಲಿ. ನಾವು ಫೋನನ್ನೋ, ಅರ್ಜಿ ತುಂಬುವುದನ್ನೋ ಕಲಿಸೋಣ. ಕಾಲೇಜಿಗೂ ದಾಖಲೆ ಸಿಗುತ್ತದೆ.

ಕಾಲೇಜಿನಲ್ಲಿರುವ ಗೆಳೆಯರೇ, ಈ ಬಾರಿ ಅಕ್ಟೋಬರ್ 1ರ ಬಸ್ಸಿಗೆ ಹೆಸರು ಕೊಡುವ ಮೊದಲು ನಿಮ್ಮ ಎನ್‌ಎಸ್‌ಎಸ್ ಅಧಿಕಾರಿಯನ್ನು ಒಂದು ಮಾತು ಕೇಳಿ: ‘ಸರ್, ಮುಂದಿನ ವಾರ ಮತ್ತೆ ಯಾವಾಗ ಹೋಗೋದು?’