ಮಯೊನೇಸಿಗೆ ತತ್ತಿ ಯಾಕೆ, ಬಳ್ಳೊಳ್ಳಿ ಇರುವಾಗ?

ಮೊದಲೇ ಹೇಳಿಬಿಡ್ತೀನಿ, ಇದು ಅಡುಗೆ ಬ್ಲಾಗ್ ಅಲ್ಲ. ಆದರೂ ಈ ಸಲ ಕೋಡು-ಗೀಡು ಎಲ್ಲಾ ಪಕ್ಕಕ್ಕಿಟ್ಟು ಮಯೊನೇಸ್ ಬಗ್ಗೆ ಬರೀಬೇಕು ಅನ್ನಿಸಿದೆ. ಬೆಂಗಳೂರಿನಲ್ಲಷ್ಟೇ ಅಲ್ಲ, ಈಗ ನಮ್ಮ ವಿಜಯಪುರದಲ್ಲೂ ಸಂಜೆ ಹೊತ್ತು ಮೊಮೊ, ರೋಲು ಮಾರೋ ಗಾಡಿಗಳ ಮೇಲೆ ಆ ಬಿಳಿ ಸಾಸಿನ ಬಾಟಲಿ ಕಾಣುತ್ತೆ. ಭೂತನಾಳದ ನಮ್ಮನೆ ಹುಡುಗರಿಗೂ ಅದು ಬೇಕೇ ಬೇಕು. ಇದರ ಬಗ್ಗೆ ನಾನು ಕೇಳೋದು ಎರಡೇ ಮಾತು. ಒಂದು, "ತಿಂದ್ರ ಏನಾಗ್ತದ ಬಿಡೊ ತಮ್ಮಾ". ಇನ್ನೊಂದು, "ಅದೆಲ್ಲ ನಮ್ಮ ಊಟ ಅಲ್ಲ". ನನ್ನ ಪ್ರಕಾರ ಎರಡೂ ತಪ್ಪು.

ಮೊದಲನೇದು ನೋಡೋಣ. ಮಯೊನೇಸ್ ಅಂದ್ರೆ ಹಸಿ ತತ್ತಿಯ ಹಳದಿ, ಎಣ್ಣೆ, ಹುಳಿ. ಎಣ್ಣೆ ಮತ್ತು ನೀರು ಜಗಳ ಆಡದ ಹಾಗೆ ಹಿಡಿದಿಡೋದು ಹಳದಿಯಲ್ಲಿರೋ ಲೆಸಿಥಿನ್. ತೊಂದರೆ ಏನಪ್ಪಾ ಅಂದ್ರೆ, ಇದನ್ನ ಬೇಯಿಸೋದೇ ಇಲ್ಲ. ತತ್ತಿಯಲ್ಲಿ ಸಾಲ್ಮೊನೆಲ್ಲಾ ಇದ್ದರೆ ಅದು ಹಾಗೇ ಉಳಿಯುತ್ತೆ. ಸಿಪ್ಪೆ ತೊಳೆದರೂ ಸಾಲದು, ಕೆಲವು ಸಲ ಅದು ತತ್ತಿಯ ಒಳಗೇ ಇರುತ್ತೆ. ಮೇಲೆ ನಮ್ಮೂರ ಬಿಸಿಲು. ನಲವತ್ತು ಡಿಗ್ರಿ ದಾಟೋ ಬೇಸಿಗೆಯಲ್ಲಿ ಗಾಡಿ ಮೇಲಿನ ಆ ಬಾಟಲಿ ಬ್ಯಾಕ್ಟೀರಿಯಾಗಳಿಗೆ ಅತ್ತೆ ಮನೆ ಇದ್ದ ಹಾಗೆ :)

ತಮಾಷೆ ಸಾಕು. ಕೇರಳ 2023ರ ಜನವರಿಯಲ್ಲೇ ಹಸಿ ಮೊಟ್ಟೆಯ ಮಯೊನೇಸ್ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್ ಕೊನೆಗೆ ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಅದೇ ಹೊತ್ತಿಗೆ ಹೈದರಾಬಾದಿನಲ್ಲಿ ಮೊಮೊ ತಿಂದ ಹಲವರು ಆಸ್ಪತ್ರೆ ಸೇರಿ, ಒಬ್ಬ ಮಹಿಳೆ ತೀರಿಕೊಂಡಿದ್ದರು. 2025ರ ಏಪ್ರಿಲ್‌ನಲ್ಲಿ ತಮಿಳುನಾಡೂ ಒಂದು ವರ್ಷಕ್ಕೆ ನಿಷೇಧ ಹೇರಿತು. ಹಾಗಿದ್ದ ಮೇಲೆ "ಏನಾಗ್ತದ" ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದೆ ತಾನೆ?

ಆದರೆ ನಿಷೇಧ ಒಂದೇ ಮದ್ದು ಅಂತ ನಾನು ಒಪ್ಪಲ್ಲ. ಸಂದಿಗೊಂದಿಯ ಪ್ರತಿ ಗಾಡಿಯ ಮುಂದೆ ಇನ್‌ಸ್ಪೆಕ್ಟರ್ ನಿಲ್ಲಿಸೋಕಾಗಲ್ಲ. ಅದಕ್ಕಿಂತ ಒಳ್ಳೆ ದಾರಿ, ತತ್ತಿಯ ಕೆಲಸವನ್ನ ಬೇರೆಯವರಿಗೆ ವಹಿಸೋದು. ಲೆಬನಾನ್ ಕಡೆ 'ತೂಮ್' ಅಂತ ಒಂದಿದೆ. ಬೆಳ್ಳುಳ್ಳಿ, ಉಪ್ಪು, ಎಣ್ಣೆ, ಲಿಂಬೆರಸ, ಅಷ್ಟೇ. ಜಜ್ಜಿದ ಬೆಳ್ಳುಳ್ಳಿಯೇ ಎಣ್ಣೆಯನ್ನ ಹಿಡಿದಿಡುತ್ತೆ.

ಕಾಲು ಕಪ್ ಸುಲಿದ ಎಸಳು ತಗೊಳ್ಳಿ. ನಡುವೆ ಹಸಿರು ಮೊಳಕೆ ಇದ್ದರೆ ತೆಗೀರಿ, ಕಮಟು ಕಡಿಮೆಯಾಗುತ್ತೆ. ಅರ್ಧ ಚಮಚ ಉಪ್ಪು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಆಮೇಲೆ ಒಂದು ಕಪ್ ರಿಫೈನ್ಡ್ ಶೇಂಗಾ ಎಣ್ಣೆಯನ್ನ ದಾರದ ಹಾಗೆ ಸಣ್ಣಗೆ ಬಿಡ್ತಾ, ನಡುನಡುವೆ ಎರಡು ದೊಡ್ಡ ಚಮಚ ಲಿಂಬೆರಸ ಸೇರಿಸ್ತಾ ಬನ್ನಿ. ಅವಸರ ಮಾಡಿ ಎಣ್ಣೆ ಒಮ್ಮೆಲೇ ಸುರಿದರೆ ಒಡೆದುಹೋಗುತ್ತೆ. ಇಷ್ಟು ಘಾಟು ಮಕ್ಕಳಿಗೆ ಆಗಲ್ಲ ಅಂದ್ರೆ ಕಾಯಿಸಿ ತಣ್ಣಗೆ ಮಾಡಿದ ಅರ್ಧ ಕಪ್ ಹಾಲು, ಒಂದು ಕಪ್ ಎಣ್ಣೆ, ಎರಡು ಎಸಳು ಹಾಕಿ ಹ್ಯಾಂಡ್ ಬ್ಲೆಂಡರ್ ತಿರುಗಿಸಿ, ಕೊನೆಗೆ ಲಿಂಬೆ ಹಿಂಡಿ. ಇಲ್ಲಿ ಹಾಲಿನ ಪ್ರೋಟೀನು ಆ ಕೆಲಸ ಮಾಡುತ್ತೆ.

ತತ್ತಿ ಇಲ್ಲ ಅಂತ ವಾರಗಟ್ಟಲೆ ಕಟ್ಟೆ ಮೇಲಿಡಬೇಡಿ ಮತ್ತೆ! ಹಸಿ ಬೆಳ್ಳುಳ್ಳಿ ಮಣ್ಣಿನಿಂದ ಬಂದದ್ದು. ಅದರ ಜೊತೆ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಕಣ ಬಂದಿರಬಹುದು. ಎಣ್ಣೆಯಲ್ಲಿ ಮುಳುಗಿ ಗಾಳಿ ಸಿಗದಿದ್ದಾಗ ಅದು ವಿಷ ತಯಾರಿಸುತ್ತೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫ್ರಿಜ್ಜಿನ ಹೊರಗಿಟ್ಟಿದ್ದ, ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿಯಿಂದ ಮೂವತ್ತಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದಿದ್ದರು. ಅಜ್ಜಿಯ ಬಳ್ಳೊಳ್ಳಿ ಚಟ್ನಿಪುಡಿ ಡಬ್ಬಿಯಲ್ಲಿ ಹೊರಗಡೆ ಬಾಳುತ್ತಲ್ಲ ಅಂತೀರಾ? ಅದರಲ್ಲಿ ನೀರಿನಂಶ ಬಹಳ ಕಡಿಮೆ. ರಂಜಕದಲ್ಲಿ ಉಪ್ಪು, ಹುಳಿ ಜಾಸ್ತಿ. ನಮ್ಮ ಹೆಂಗಸರು ಮೈಕ್ರೋಬಯಾಲಜಿ ಓದದೇ ಪಾಸಾದವರು. ಮಯೊನೇಸಿನಲ್ಲಿ ಲಿಂಬೆ ಅಪಾಯ ಕಡಿಮೆ ಮಾಡುತ್ತೆ, ನಿಜ. ಆದರೆ ಫ್ರಿಜ್ಜಿನ ಬದಲಿ ಅಲ್ಲ. ಸ್ವಲ್ಪವೇ ಮಾಡಿ, ಫ್ರಿಜ್ಜಲ್ಲಿಡಿ, ಎರಡು ಮೂರು ದಿನದಲ್ಲಿ ಮುಗಿಸಿ. ಕರೆಂಟು ಹೋಗಿ ಬಹಳ ಹೊತ್ತಾಗಿದ್ದರೆ ಚೆಲ್ಲಿಬಿಡಿ.

ಇನ್ನು "ನಮ್ಮ ಊಟ ಅಲ್ಲ" ಅನ್ನೋರಿಗೆ ಒಂದು ಮಾತು. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂತು. ಜೋಳದ ಮೂಲ ಆಫ್ರಿಕಾ, ಅದು ಬಂದು ಸಾವಿರಾರು ವರ್ಷ ಆಯ್ತು. ಅಂದ್ರೆ ನಾವು ಎದೆತಟ್ಟಿ ಹೇಳೋ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲಾ ಬಂದ ನೆಂಟರೇ! ಊರಿಗೆ ಬಂದದ್ದನ್ನ ನಮ್ಮ ಕೈಯಲ್ಲಿ ಹದ ಮಾಡಿಕೊಂಡಾಗಲೇ ಅದು ನಮ್ಮದಾಗೋದು. ಇಲ್ಲಂತೂ ಸಾಮಾನೆಲ್ಲ ಕೈಗೆಟಕುವಷ್ಟು ಹತ್ತಿರ ಇದೆ. ಲಿಂಬೆಗೆ ದೂರ ಹೋಗಬೇಕಿಲ್ಲ, ಇಂಡಿಯ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆಯೇ ಸಿಕ್ಕಿದೆ. ಕಟಕಟಿ ರೊಟ್ಟಿ ಮುರಿದು ಬೆಳ್ಳುಳ್ಳಿ ಮಯೊನೇಸಿಗೆ ಅದ್ದಿ, ಮೇಲೆ ಒಂಚೂರು ಗುರೆಳ್ಳು ಚಟ್ನಿ ಉದುರಿಸಿ ತಿಂದು ನೋಡಿ. ಆಮೇಲೆ ಹೇಳಿ, ಯಾರ ಊಟ ಅಂತ.

ಮಕ್ಕಳು ಬೀದಿಯಲ್ಲಿ ತಿನ್ನೋದನ್ನ ಪೂರ್ತಿ ನಿಲ್ಲಿಸೋಕೆ ನಮ್ಮಿಂದಾಗಲ್ಲ. ಆದರೆ "ಅಣ್ಣಾ, ಇದ್ರಾಗ ತತ್ತಿ ಹಾಕೀರೇನ್ರಿ? ಯಾವಾಗ ಮಾಡೀರಿ?" ಅಂತ ಕೇಳೋದನ್ನ ಕಲಿಸಬಹುದು. ಹತ್ತು ಗಿರಾಕಿ ಕೇಳಿದ್ರೆ ಹನ್ನೊಂದನೆಯವನು ಬರೋ ಹೊತ್ತಿಗೆ ಗಾಡಿಯವರೇ ಬದಲಾಯಿಸ್ತಾರೆ ಅನ್ನೋ ನಂಬಿಕೆ ನನ್ನದು. ನೀವೇನಂತೀರಿ?