ಬೀಗ ಬೀಳುತ್ತದೆಯೇ ಎಂದು ಮೊದಲು ಕೇಳಿ

ತುಮಕೂರಿನ ಮನೆ ಖಾಲಿ ಮಾಡುವಾಗ ಅಮ್ಮನ ಹಳೇ ಕಬ್ಬಿಣದ ಬೀರು ಮಾರಬೇಕಿತ್ತು. ಮೊಬೈಲ್ ಆ್ಯಪ್‌ಗಳ ಪರದೆ ರೂಪಿಸುವುದು ನನ್ನ ಕಸುಬು. ಆ ಹೊತ್ತಿಗೆ ನಮ್ಮ ತಂಡ ಸೆಕೆಂಡ್ ಹ್ಯಾಂಡ್ ಸಾಮಾನು ಕೊಂಡು ಮಾರುವ ಆ್ಯಪ್ ಒಂದನ್ನೇ ಕಟ್ಟುತ್ತಿತ್ತು. ಅರ್ಧ ಮುಗಿದಿದ್ದ ಅದನ್ನು ಅಮ್ಮನ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ.

ಮೊದಲ ಪರದೆಯಲ್ಲೇ ಅಮ್ಮ ತಡೆದು ನಿಂತಳು. ಅಲ್ಲಿದ್ದದ್ದು ‘ವಸ್ತುವನ್ನು ಪಟ್ಟಿ ಮಾಡಿ’ ಎಂಬ ಗುಂಡಿ. ‘ಇರೋದೇ ಒಂದು ಬೀರು, ಏನು ಪಟ್ಟಿ ಮಾಡ್ಲಿ?’ ಎಂದಳು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಅಕ್ಷರ ತೊಡಿಸಿದ್ದೆವು, ತಪ್ಪು ನಮ್ಮದು. ಮರುದಿನವೇ ಅದು ‘ಮಾರಾಟಕ್ಕಿಡಿ’ ಎಂದಾಯಿತು.

ಎರಡನೇ ತಪ್ಪು ಇಷ್ಟು ಸುಲಭಕ್ಕೆ ಸರಿಹೋಗುವಂಥದ್ದಲ್ಲ. ಸಾಮಾನು ಹೇಗಿದೆ ಎಂಬಲ್ಲಿ ‘ಹೊಸದರಂತಿದೆ, ಚೆನ್ನಾಗಿದೆ, ಪರವಾಗಿಲ್ಲ’ ಎಂದು ಮೂರು ಆಯ್ಕೆ ಕೊಟ್ಟಿದ್ದೆವು. ಅಮ್ಮ ‘ಚೆನ್ನಾಗಿದೆ’ ಒತ್ತಿದಳು. ಒತ್ತಿದ ಮೇಲೆ ಅವಳಿಗೇ ಸಮಾಧಾನವಿಲ್ಲ. ‘ಒಳಗಿನ ಲಾಕರ್ ಬೀಗ ಬೀಳಲ್ಲ ಕಣೇ, ಅದನ್ನ ಎಲ್ಲಿ ಹೇಳೋದು?’ ಹೇಳುವುದಕ್ಕೆ ನಾವು ಜಾಗವನ್ನೇ ಇಟ್ಟಿರಲಿಲ್ಲ. ನಿಜ ಹೇಳಲು ಸಿದ್ಧವಿದ್ದವಳ ಬಾಯನ್ನು ನಮ್ಮ ಪರದೆ ಕಟ್ಟಿಹಾಕಿತ್ತು.

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ನಿಂತು ನೋಡಿ. ಕೊಳ್ಳುವವರು ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ಬೇರಿಂಗ್ ಸದ್ದು ಕೇಳುತ್ತಾರೆ, ಕುಕ್ಕರ್ ಮುಚ್ಚಳ ಹಾಕಿ ತೆಗೆದು ನೋಡುತ್ತಾರೆ. ಐಬು ಎಲ್ಲಿದೆ ಎಂದು ಗೊತ್ತಾದ ಮೇಲೇ ಚೌಕಾಸಿ. ಆ್ಯಪ್‌ನಲ್ಲಿ ಬೆರಳು ಮುಟ್ಟುವುದು ಗಾಜನ್ನು ಮಾತ್ರ. ಹಾಗಾಗಿ ಆ ಕೈಯ ಕೆಲಸವನ್ನು ಪ್ರಶ್ನೆಗಳೇ ಮಾಡಬೇಕು, ಒಂದೊಂದು ಸಾಮಾನಿಗೆ ಒಂದೊಂದು ಬಗೆಯಲ್ಲಿ. ಬೀರುವಿಗೆ: ಬೀಗ ಬೀಳುತ್ತದೆಯೇ, ಕಾಲು ತುಕ್ಕು ಹಿಡಿದಿದೆಯೇ? ಫ್ರಿಜ್ಜಿಗೆ: ಗ್ಯಾಸ್ ತುಂಬಿಸಿ ಎಷ್ಟು ದಿನವಾಯಿತು? ಮೊಬೈಲಿಗಾದರೆ *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ ಕೇಳಬೇಕು. ಕದ್ದ ಮಾಲೆಂದು ಬ್ಲಾಕ್ ಆಗಿದೆಯೇ ಎಂದು ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ಯಲ್ಲಿ ನೋಡಲು ಕೊಳ್ಳುವವರಿಗೆ ದಾರಿ ತೋರಿಸಬೇಕು. ಬೈಕ್ ಮಾರಿದವರನ್ನಂತೂ ಆರ್‌ಸಿ ಹೆಸರು ಬದಲಾಗುವ ತನಕ ಆ್ಯಪ್ ಬಿಡಬಾರದು. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹೆಸರು ಬದಲಾವಣೆಯ ಫಾರಂ 29, 30 ತುಂಬಿದಿರಾ ಎಂದು ನೆನಪಿಸಲು ಒಂದು ಸಂದೇಶ ಸಾಕು.

ಇನ್ನು ದುಡ್ಡಿನ ವಿಚಾರ. ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ವಾಷಿಂಗ್ ಮೆಷಿನ್ ಮಾರಲು ಹೋಗಿ 18 ಸಾವಿರ ಕಳೆದುಕೊಂಡರು. ಕೊಳ್ಳುತ್ತೇನೆಂದವನು ಚೌಕಾಸಿಯನ್ನೂ ಮಾಡದೆ ಒಂದು ಕ್ಯೂಆರ್ ಚಿತ್ರ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ ಸರ್, ದುಡ್ಡು ಬರುತ್ತೆ’ ಎಂದಿದ್ದ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹಣದ ‘ಕಲೆಕ್ಟ್’ ಕೋರಿಕೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಒಳ್ಳೆಯದೇ. ಆದರೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ಈಗಲೂ ಹೋಗುತ್ತದೆ. ಎಚ್ಚರಿಕೆಯ ಮಾತನ್ನು ‘ಸಹಾಯ’ದ ಪುಟದ ಮೂಲೆಯಲ್ಲಿ ಬರೆದಿಟ್ಟರೆ ಯಾರಿಗೆ ಪ್ರಯೋಜನ? ಮಾರುವವರ ಚಾಟ್‌ಗೆ ಕ್ಯೂಆರ್ ಬಂದ ಆ ಕ್ಷಣವೇ ಚಿತ್ರವನ್ನು ಮುಚ್ಚಿ, ದಪ್ಪ ಅಕ್ಷರದಲ್ಲಿ ‘ದುಡ್ಡು ಬರಬೇಕಾದವರು ಪಿನ್ ಒತ್ತಬೇಡಿ’ ಎಂದು ತೋರಿಸಬೇಕು. ಫೋನ್ ನಂಬರನ್ನೂ ಮನೆ ವಿಳಾಸವನ್ನೂ ಮಾರುವವರು ತಾವಾಗಿ ಕೊಡುವವರೆಗೆ ಯಾರಿಗೂ ಕಾಣಿಸಬಾರದು. ಒಂಟಿ ಹೆಂಗಸರಿಗೆ ರಾತ್ರಿ ಹನ್ನೊಂದಕ್ಕೆ ‘ಸಾಮಾನು ಇದೆಯಾ’ ಎಂದು ಬರುವ ಕರೆಗಳು ಹೇಗಿರುತ್ತವೆಂದು ನನಗೆ ಗೊತ್ತು.

ಇದನ್ನೆಲ್ಲ ಮೀಟಿಂಗಿನಲ್ಲಿ ಮುಂದಿಟ್ಟಾಗ ಬಂದ ಆಕ್ಷೇಪ ಒಂದೇ: ಪ್ರಶ್ನೆ ಹೆಚ್ಚಾದಷ್ಟೂ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಕೆಲವರು ಹೋಗಬಹುದು. ಒಮ್ಮೆ ಮೋಸಹೋದವರಂತೂ ಮತ್ತೆ ಬರುವುದಿಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಬರಗೊಡುವುದಿಲ್ಲ. ನಾನು ಪಟ್ಟು ಬಿಡಲಿಲ್ಲ. ಕೊನೆಗೆ ಪ್ರಯೋಗಕ್ಕೆಂದು ಆ ಪ್ರಶ್ನೆಗಳನ್ನು ಸೇರಿಸಲು ಒಪ್ಪಿದರು.

ಅಮ್ಮ ಬೀಗದ ಫೋಟೊವನ್ನೇ ಮೊದಲು ಹಾಕಿದಳು. ಮೂರನೇ ದಿನ ಕ್ಯಾತ್ಸಂದ್ರದಿಂದ ಒಬ್ಬ ಟೈಲರ್ ಮೆಸೇಜ್ ಮಾಡಿದರು. ಬೆಲೆ ಕೇಳುವ ಮುಂಚೆ ಅವರು ಕೇಳಿದ್ದು ಬೀಗದ ಅಳತೆಯನ್ನು. ಅಮ್ಮ ಹೊಲಿಗೆಯ ಟೇಪು ಹುಡುಕಿ ತಂದು ಅಳೆಯಲು ಕೂತಳು.