ಫ್ಯೂಸಿಗೆ ಕಾಣದ ಬಿಸಿ

ಕಳೆದ ವಾರ ಕಾರಿನ ಬ್ಯಾಟರಿಯ ಆರೈಕೆಯನ್ನು ವಿವರಿಸಿ, ಅದಕ್ಕೆ ವಿದ್ಯುತ್ತನ್ನು ಒದಗಿಸುವ ಆಲ್ಟರ್ನೇಟರಿನ ವಿಚಾರವನ್ನು ಈ ವಾರಕ್ಕೆ ಮೀಸಲಿರಿಸಿದ್ದೆ. ಆದರೆ ಆ ಯಂತ್ರಕ್ಕಿಂತಲೂ ಅದರ ತಂತಿಯ ತುದಿಯಲ್ಲಿರುವ ಪುಟ್ಟ ನಟ್ಟೊಂದು ಹೆಚ್ಚಿನ ಅನರ್ಥವನ್ನು ತರಬಲ್ಲುದೆಂದು ಸ್ವಾನುಭವದಿಂದ ಕಲಿತಿರುವುದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಮಳೆಗಾಲದ ಒಂದು ಸಂಜೆ ಬೆಂಗಳೂರಿನಿಂದ ಶಿವಮೊಗ್ಗೆಗೆ ಸಂಸಾರಸಮೇತನಾಗಿ ಹೊರಟಿದ್ದೆ. ನಮ್ಮದು ಹಳೆಯ ಕಾರು. ಮೂರು ವಾರ ನಿಂತಲ್ಲೇ ನಿಂತಿದ್ದುದರಿಂದ ಬ್ಯಾಟರಿ ಸೊರಗಿತ್ತು. ನೂಕಿ ಚಾಲೂ ಮಾಡಿದ್ದಾಯಿತು. ತಿಪಟೂರನ್ನು ದಾಟುವ ವೇಳೆಗೆ ಕತ್ತಲಾಗಿ, ಮಳೆಯೂ ಹಿಡಿದು, ದೀಪ, ವೈಪರು, ಫ್ಯಾನು ಎಲ್ಲವೂ ಒಟ್ಟಿಗೆ ನಡೆಯತೊಡಗಿದುವು. ಆಗ ಬಂತು, ಕಮಟು ವಾಸನೆ.

“ಯಾರೋ ಹೊಲದಲ್ಲಿ ಟೈರು ಸುಡುತ್ತಿರಬೇಕು” ಎಂದೆ.

“ಇಷ್ಟು ಮಳೆಯಲ್ಲೆ?” ಎಂದಳು ಮಡದಿ.

ಇಳಿದು ಬಾನೆಟ್ಟನ್ನು ಎತ್ತಿ ನೋಡಿದರೆ ಆಲ್ಟರ್ನೇಟರಿನ ಹಿಂಬದಿಯ ದಪ್ಪ ತಂತಿಯ ಹೊದಿಕೆ ಕರಿಕಾಗಿ, ತುದಿಯ ಉಂಗುರದ ಬಳಿ ಹೊಗೆಯಾಡುತ್ತಿತ್ತು. ಹಿಂದಿನ ಆಸನದಲ್ಲಿ ಮಕ್ಕಳು ನಿದ್ರಿಸುತ್ತಿದ್ದರು. ಪೆಟ್ರೋಲಿನ ಕೊಳವೆ ಅಲ್ಲಿಂದ ಒಂದು ಗೇಣೂ ದೂರವಿರಲಿಲ್ಲವೆಂಬುದನ್ನು ಮಡದಿಗೆ ನಾನು ಆಗ ಹೇಳಲಿಲ್ಲ. ಈ ಪುಟದಲ್ಲಿ ಓದಿಯೇ ತಿಳಿಯುತ್ತಾಳೆ. ಲಾರಿಯವರೊಬ್ಬರ ದಯೆಯಿಂದ ಅರಸೀಕೆರೆಯನ್ನು ಸೇರಿದೆವು.

ಅದಕ್ಕೆ ಮುನ್ನ ಗ್ಯಾರೇಜೊಂದರಲ್ಲಿ ಬ್ಯಾಟರಿಯನ್ನು ಒಮ್ಮೆ, ಆಲ್ಟರ್ನೇಟರನ್ನು ಎರಡು ಬಾರಿ ಬದಲಾಯಿಸಿದ್ದರು. ಫ್ಯೂಸು ಮಾತ್ರ ಅಂದಿಗೂ ಅಖಂಡವಾಗಿಯೇ ಇತ್ತು. ಇದೇ ನಮ್ಮನ್ನು ಮೋಸಗೊಳಿಸುವ ಸಂಗತಿ. ಫ್ಯೂಸು ಕರಗುವುದು ವಿದ್ಯುತ್ಪ್ರವಾಹ ಮಿತಿಮೀರಿದಾಗ. ಸಡಿಲಗೊಂಡ ಅಥವಾ ಕಿಲುಬು ಹಿಡಿದ ಸಂದಿಯಲ್ಲಿ ಹೆಚ್ಚುವುದು ಪ್ರವಾಹವಲ್ಲ, ರೋಧ. ಪ್ರವಾಹವು ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುವುದೆಂಬ ನಿಯಮವನ್ನು ಇಂಗ್ಲೆಂಡಿನ ಜೂಲ್ 1841ರಲ್ಲಿಯೇ ಪ್ರಕಟಿಸಿದ್ದನು. ನಮ್ಮ ಕಾರಿನ ಆ ಸಂದಿಯಲ್ಲಿದ್ದ ರೋಧ ಕೇವಲ 0.04 ಓಮ್, ಹರಿಯುತ್ತಿದ್ದ ಪ್ರವಾಹ ಸುಮಾರು 30 ಆಂಪಿಯರ್. ಗುಣಿಸಿ ನೋಡಿದರೆ 36 ವಾಟ್! ಬೆಸುಗೆ ಹಾಕುವ ಸಣ್ಣ ಕಬ್ಬಿಣಕ್ಕೆ 25 ವಾಟ್ ಸಾಕು. ಬಿಸಿಯಾದ ತಾಮ್ರ ಕಪ್ಪಗಾಗುತ್ತದೆ, ಹಿಡಿತ ಸಡಿಲುತ್ತದೆ, ರೋಧ ಮತ್ತಷ್ಟು ಏರುತ್ತದೆ, ಅದರಿಂದ ಇನ್ನಷ್ಟು ಬಿಸಿ. ಸಾಲದ ಬಡ್ಡಿಯಂತೆ ಬೆಳೆಯುತ್ತ ಹೋಗುವ ರೋಗವಿದು.

ರೋಧವನ್ನೇ ನೇರವಾಗಿ ಅಳೆಯೋಣವೆಂದರೆ ಮನೆಯ ಮಾಪಕದಿಂದಾಗದು. ಅದರ ಸ್ವಂತ ತಂತಿಗಳ ರೋಧವೇ ಇದಕ್ಕಿಂತ ಹೆಚ್ಚು. ಅಳೆಯಬೇಕಾದುದು ದಾರಿಯಲ್ಲಿ ಕಳೆದುಹೋಗುವ ವೋಲ್ಟನ್ನು, ಅದೂ ಪ್ರವಾಹ ಹರಿಯುತ್ತಿರುವಾಗ. ಎಂಜಿನ್ ಚಾಲೂ ಇದ್ದು ಸ್ವಲ್ಪ ವೇಗವಾಗಿ ತಿರುಗುತ್ತಿರಲಿ, ದೀಪಗಳು ಉರಿಯುತ್ತಿರಲಿ. (ತೋಳಿನ ತುದಿ, ಸೆರಗು ಇವು ಬೆಲ್ಟಿನಿಂದ ದೂರವಿರಲಿ.) ಮಾಪಕದ ಒಂದು ಮೊನೆಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ತಿರುಪುಮೊಳೆಗೂ, ಇನ್ನೊಂದನ್ನು ಬ್ಯಾಟರಿಯ ಧನಧ್ರುವಕ್ಕೂ ಮುಟ್ಟಿಸಿರಿ. ಧ್ರುವಕ್ಕೇ ಮುಟ್ಟಿಸಬೇಕು, ಅದರ ಮೇಲಿನ ಹಿಡಿಕೆಗಲ್ಲ. 0.2 ಅಥವಾ 0.3 ವೋಲ್ಟ್ ತೋರಿದರೆ ನಿಶ್ಚಿಂತೆ. ಅರ್ಧ ವೋಲ್ಟನ್ನು ಮೀರಿದರೆ ಹುಡುಕಾಟ ಅಗತ್ಯ. ನಮ್ಮದು 1.4 ತೋರಿತು! ಅನಂತರ ಒಂದೊಂದೇ ಸಂದಿಯ ಎರಡು ಬದಿಗೆ ಮೊನೆಗಳನ್ನಿಟ್ಟು ಸಾಗಿದಾಗ, ಆ ಸುಟ್ಟ ಉಂಗುರವೊಂದರಲ್ಲಿಯೇ 1.2 ವೋಲ್ಟ್ ನಷ್ಟವಾಗುತ್ತಿದ್ದುದು ಹೊರಬಿತ್ತು. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣಧ್ರುವಕ್ಕೂ ನಡುವೆ ಇದೇ ಪರೀಕ್ಷೆ ಮಾಡಬೇಕು. ಅನೇಕರು ಮರೆಯುವುದು ಇದನ್ನೇ.

ದುರಸ್ತಿಗೆ ಕೈಹಾಕುವ ಮುನ್ನ ಬ್ಯಾಟರಿಯ ಋಣತಂತಿಯನ್ನು ಕಳಚಿಡಿ, ಏಕೆಂದರೆ ಎಂಜಿನ್ ನಿಂತಿದ್ದರೂ ಆ ತಿರುಪುಮೊಳೆಯಲ್ಲಿ ವಿದ್ಯುತ್ತಿರುತ್ತದೆ. ಸುಟ್ಟ ಉಂಗುರವನ್ನು ಉಜ್ಜಿ ಬಿಗಿದರೆ ಸಾಲದು. ಹೊಳೆಯುವ ತಾಮ್ರ ಕಾಣುವವರೆಗೆ ತಂತಿಯನ್ನು ಹಿಂದಕ್ಕೆ ಕತ್ತರಿಸಿ, ಹೊಸ ಉಂಗುರವನ್ನು ಒತ್ತಿ ಕೂಡಿಸಬೇಕು. ನಮ್ಮ ಕಾರಿಗೆ ತಗಲಿದ ಖರ್ಚು ಒಂದು ಉಂಗುರ, ಒಂದು ವಾಷರು, ಅರ್ಧ ಗಂಟೆಯ ಕೂಲಿ. ಈಗ ಮಾಪಕ 0.2 ತೋರಿಸುತ್ತದೆ. ತೆಗೆದಿಟ್ಟ ಎರಡು ಆಲ್ಟರ್ನೇಟರುಗಳನ್ನು ಪರೀಕ್ಷೆಗೆ ಕೊಟ್ಟಾಗ ಎರಡರಲ್ಲಿಯೂ ಯಾವ ದೋಷವೂ ಕಾಣಲಿಲ್ಲ.